ಸಾಲಿನ ಕೊನೆಯ ಬಾತುಕೋಳಿ

ನಮ್ಮ ಜೋಗ್ಜಾ ಊರಿನಲ್ಲಿ ಮುಖಕ್ಕೆ ಹೊಡೆದ ಹಾಗೆ ನಿಜ ಹೇಳುವವನಿಗೆ ಯಾರೂ ಹೆಣ್ಣು ಕೊಡುವುದಿಲ್ಲ. ಊಟಕ್ಕೆ ಕರೆದವರ ಸಾರು ಉಪ್ಪಾಗಿದ್ದರೆ ಅನ್ನ ಬಹಳ ಚೆನ್ನಾಗಿದೆ ಎನ್ನುತ್ತೇವೆ. ಬಾಗಿಲಲ್ಲಿ ಹಾದುಹೋಗುವವರನ್ನೆಲ್ಲ ಒಳಗೆ ಬನ್ನಿ ಎಂದು ಕರೆಯುತ್ತೇವೆ, ಅವರು ಬರುವುದಿಲ್ಲ ಎಂಬ ಧೈರ್ಯದ ಮೇಲೆ. ನಾನು ಸಂತೆಯಲ್ಲಿ ತಿಂಡಿ ಮಾರುವವಳು. ಇಂಥ ಮಾತಿಲ್ಲದೆ ನನ್ನ ಒಂದು ಅಂಟಕ್ಕಿ ಉಂಡೆಯೂ ಖರ್ಚಾಗುವುದಿಲ್ಲ.

ವೆನಿಂಗ್ ನನ್ನ ಅಕ್ಕನ ಮಗಳು. ಅಕ್ಕ ತೀರಿಹೋದ ಮೇಲೆ ಆ ಮನೆಯ ಒಲೆಯೂ ನನ್ನದೇ ಆಯಿತು. ಹುಡುಗಿ ವಿಶ್ವವಿದ್ಯಾಲಯದಲ್ಲಿ ಗ್ರಾಫಿಕ್ ವಿನ್ಯಾಸ ಮತ್ತು ಅನಿಮೇಷನ್ ಓದುತ್ತಿದ್ದಳು. "ಬೊಂಬೆ ಬರೆಯೋದಕ್ಕೂ ಕಾಲೇಜಾ?" ಎಂದು ಬೀದಿಯವರು ಕೇಳಿದರೆ ಅವಳಪ್ಪ, "ಮಕ್ಕಳಿಗೆ ನಡೆಯೋದು ಕಲಿಸಿದ್ದಕ್ಕೇ ಸರ್ಕಾರ ನನಗೆ ಸಂಬಳ ಕೊಡ್ತು. ಇದು ಅದಕ್ಕಿಂತ ಕಷ್ಟದ ವಿದ್ಯೆ ಕಣ್ರೀ," ಎನ್ನುತ್ತಿದ್ದರು.

ನನ್ನ ಭಾವ ವರ್ದೋಯೊ ಶಾಲೆಯ ಡ್ರಿಲ್ ಮೇಷ್ಟ್ರು. ಹಬ್ಬದ ದಿನ ಅರಮನೆ ಸೈನಿಕರ ವೇಷದಲ್ಲಿ ನಮ್ಮ ಬೀದಿಯ ದಂಡು ಮೆರವಣಿಗೆ ಹೊರಟರೆ ಬಾವುಟ ಹಿಡಿದು ಮುಂದೆ ನಡೆಯುತ್ತಿದ್ದವರು ಅವರೇ. ಪಟ್ಟೆಪಟ್ಟೆಯ ಅಂಗಿ, ತಲೆಗೆ ಬಿಗಿದ ಬಾತಿಕ್ ರುಮಾಲು, ನೆಟ್ಟಗಿನ ಬೆನ್ನು. ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಮಾತು ಮರಳಿತು, ಕೈಯೂ ಮರಳಿತು, ಎಡಗಾಲು ಮಾತ್ರ ಸರಿಯಾಗಿ ಮರಳಲಿಲ್ಲ. ಬಾವುಟ ಬೇರೆಯವರ ಕೈಗೆ ಹೋಯಿತು. ಭಾವ ಗೇಟು ದಾಟುವುದನ್ನೇ ಬಿಟ್ಟರು. ಮದುವೆಯಿರಲಿ, ಸಾವಿರಲಿ, ಕರೆದವರಿಗೆಲ್ಲ "ಕಾಲು ಪೂರ್ತಿ ಸರಿಹೋಗ್ಲಿ, ಬರ್ತೀನಿ," ಎಂಬ ಒಂದೇ ಉತ್ತರ.

ವೆನಿಂಗ್ ಕೊನೆಯ ವರ್ಷಕ್ಕೆ ಒಂದು ಪುಟ್ಟ ಚಿತ್ರ ಮಾಡಿ ಒಪ್ಪಿಸಬೇಕಿತ್ತು. ಕೊಯ್ಲಾದ ಗದ್ದೆಗೆ ಬಾತುಕೋಳಿಗಳ ಹಿಂಡು ಹೊರಡುತ್ತದೆ, ಸಾಲಿನ ಕೊನೆಗೆ ಒಂದು ಮುದಿ ಬಾತು, ಅದು ಹಿಂದೆ ಬಿದ್ದು ಬಿದ್ದು ಕಡೆಗೆ ಗದ್ದೆ ಮುಟ್ಟುತ್ತದೆ. ಇಷ್ಟೇ ಕಥೆ. ಆದರೆ ಆ ಮುದಿ ಬಾತು ಎಷ್ಟು ಸಲ ಬರೆದರೂ ನಡೆಯಲೊಲ್ಲದು. ಅವಳ ಪ್ರೊಫೆಸರ್ ಬು ಹಂದಯಾನಿ ನೋಡಿ, "ಇದಕ್ಕೆ ಗಾಲಿ ಹಾಕಿದೀಯೇನಮ್ಮಾ? ಪುಸ್ತಕ ಮುಚ್ಚಿಟ್ಟು ಯಾರಾದ್ರೂ ನಡೆಯೋದನ್ನ ನೋಡು," ಎಂದರಂತೆ. ಆ ವಿದ್ಯೆಯಲ್ಲಿ ಹಾಗೆ ನಿಜವಾದ ನಡಿಗೆಯನ್ನು ಫೋನಿನಲ್ಲಿ ಹಿಡಿದು, ಒಂದೊಂದೇ ಹೆಜ್ಜೆ ನಿಲ್ಲಿಸಿ ನೋಡಿ ಬರೆಯುವುದುಂಟು.

ಭಾವನ ಕಿವಿಗೆ ಇದು ಬಿದ್ದಿದ್ದೇ ತಡ, "ನಡಿಗೆ ಬೇಕಾ? ನಡಿಗೆಗೆ ಈ ಮನೆಯಲ್ಲಿ ಬರವಾ?" ಎಂದು ಎದ್ದು ಕೂತರು. ಬಾತುಗಳ ಮುಂದೆ ಕೋಲು ಹಿಡಿದು ಹೋಗುವ ಕಾವಲುಗಾರನಿಗೆ ತಮ್ಮ ನಡಿಗೆ ಬೇಕಾಗಿದೆ ಎಂದು ಅವರೇ ಅಂದುಕೊಂಡರು. ಹುಡುಗಿ ತಿದ್ದಲಿಲ್ಲ. ಗೋಡೆ ಹಿಡಿದು ಅಭ್ಯಾಸ ಮಾಡಿದ್ದೇನು, ನನ್ನಿಂದ ಪಟ್ಟೆ ಅಂಗಿ ಇಸ್ತ್ರಿ ಮಾಡಿಸಿದ್ದೇನು! ಒಂದು ಬೆಳಿಗ್ಗೆ ಪೂರ್ತಿ ಮೆರವಣಿಗೆಯ ವೇಷ ತೊಟ್ಟು ಗೇಟಿನಿಂದ ಬಾವಿಯವರೆಗೆ ನಡೆದರು. ಹಲ್ಲು ಕಚ್ಚಿ ನಡೆದರು, ವೆನಿಂಗ್ ಫೋನಿನಲ್ಲಿ ಹಿಡಿದಳು. ನಡೆದು ಮುಗಿಸಿ ಬೆವರು ಒರೆಸಿಕೊಳ್ಳುತ್ತಾ, "ಹೇಗಿತ್ತು?" ಎಂದರು.

"ಆಹಾ ಮಾಸ್, ಮೊದಲಿನ ಹಾಗೇ!" ಎಂದು ನಾನು ಚಪ್ಪಾಳೆ ತಟ್ಟಿದೆ. ಮಾಸ್ ಎಂದರೆ ಅಣ್ಣ, ಅವರನ್ನು ನಾನು ಕರೆಯುವುದೇ ಹಾಗೆ. ಬೇಲಿಯಾಚೆಯಿಂದ ಪಕ್ಕದ ಮನೆಯಾಕೆಯೂ ತಟ್ಟಿದಳು. "ಇನ್ನೇನು ಮೇಷ್ಟ್ರೇ, ಈ ಸಲ ಬಾವುಟ ನಿಮ್ಮದೇ!" ಇನ್ನೇನು ಹೇಳಬೇಕಿತ್ತು?

ಸ್ವಲ್ಪ ದಿನ ಕಳೆದು ವೆನಿಂಗ್ ತನ್ನ ಚಿತ್ರ ತೋರಿಸಿದಳು. ಮುದಿ ಬಾತಿನ ಎಡಗಾಲು ಮಣ್ಣಿನ ಮೇಲೆ ಅರ್ಧಚಂದ್ರ ಬರೆಯುತ್ತಾ ಬರುತ್ತದೆ, ಆ ಕಡೆಯ ಭುಜ ಏರುತ್ತದೆ, ಕತ್ತು ಮಾತ್ರ ನಾನು ಸರಿಯಾಗಿದ್ದೇನೆ ಎಂಬಂತೆ ಸೆಟೆದು ನಿಂತಿರುತ್ತದೆ. ಮೊದಲು ನಕ್ಕೆ. ನಗು ಅರ್ಧಕ್ಕೇ ನಿಂತುಹೋಯಿತು.

"ಇದು ನಿಮ್ಮಪ್ಪ."

"ಹೌದು ಬುಲಿಕ್." ಚಿಕ್ಕಮ್ಮನಾದ ನನ್ನನ್ನು ಅವಳು ಕರೆಯುವುದು ಹಾಗೆ. "ಬು ಹಂದಯಾನಿ ನೋಡಿ ಕಣ್ಣೊರೆಸಿಕೊಂಡ್ರು. ಮೊದಲ ವರ್ಷದ ಮಕ್ಕಳು ಕಾರಿಡಾರ್ ತುಂಬಾ ಹೀಗೇ ನಡೀತಾವೆ."

"ಅಪ್ಪನಿಗೆ ಹೇಳಿದೀಯಾ?"

"ಹೇಗೆ ಹೇಳ್ಲಿ? ನೆಟ್ಟಗೆ ನಡೆದೆ ಅಂತ ನಂಬಿದಾರೆ. ನೀವೆಲ್ಲ ಚಪ್ಪಾಳೆ ಬೇರೆ ತಟ್ಟಿದ್ರಿ."

"ಹಾಗಾದ್ರೆ ಅಳಿಸು."

"ಅಳಿಸಿದ್ರೆ ಚಿತ್ರದಲ್ಲಿ ಏನೂ ಉಳಿಯಲ್ಲ, ಬುಲಿಕ್. ಪಾಸೂ ಆಗಲ್ಲ." ಅವಳು ಅಳುತ್ತಿದ್ದಳು. "ಪರೀಕ್ಷೆಯ ದಿನ ಎಲ್ಲರ ಮುಂದೆ ತೋರಿಸ್ತಾರೆ, ಆದ್ರೆ ಅಪ್ಪ ಬರೋದೇ ಇಲ್ವಲ್ಲ. ಎಲ್ಲಿಗೆ ಬರ್ತಾರೆ ಹೇಳಿ?"

ಆದರೆ ಅಪ್ಪನಿಗೆ ಪರೀಕ್ಷೆಯ ವಿಷಯ ಹೇಳಿ ಕರೆಯದೇ ಇರುವುದು ಹೇಗೆ? ಮಗಳಾದವಳು ಒಂದು ಮಾತು ಕರೆಯಲೇಬೇಕು. ಬಾಗಿಲಲ್ಲಿ ಹಾದುಹೋಗುವವರನ್ನು ಕರೆಯುವ ಹಾಗೆಯೇ ಅವಳೂ ತಲೆ ತಗ್ಗಿಸಿ, "ಬಾಪಾಕ್, ನಿಮಗೆ ತೊಂದರೆ ಇಲ್ಲದಿದ್ರೆ ನೀವೂ ಬರಬಹುದು," ಎಂದಳು. ಕಾಲು ಸರಿಹೋಗಲಿ ಎಂಬ ಉತ್ತರಕ್ಕಾಗಿ ನಾವಿಬ್ಬರೂ ಕಾದೆವು.

"ಬರದೇ ಇರ್ತೀನಾ?" ಎಂದರು ಭಾವ. "ಈಗ ಕಾಲು ಸರಿಹೋಗಿದೆಯಲ್ಲ!"

ವೆನಿಂಗ್ ನನ್ನನ್ನು ಒಳಗೆ ಎಳೆದೊಯ್ದಳು. ಅಲ್ಲಿ ನನ್ನ ಕೈ ಹಿಡಿದು, "ನೀವು ಹೇಳಿ ಬುಲಿಕ್," ಎಂದಳು. "ನಾನ್ಯಾಕೆ ಹೇಳ್ಲಿ? ಬರೆದವಳು ನೀನು," ಎಂದು ನಾನು ಸಿಡುಕಿದೆ. ಹೀಗೆ ಅವಳು ನನ್ನ ಮೇಲೆ, ನಾನು ಅವಳ ಮೇಲೆ ಹಾಕುತ್ತಾ ಪರೀಕ್ಷೆಯ ದಿನ ಬಂದೇಬಿಟ್ಟಿತು.

ಪದ್ಧತಿಯಂತೆ ಪರೀಕ್ಷಕರಿಗೆ ತಿಂಡಿಯ ಪೊಟ್ಟಣ ನಾನೇ ಕಟ್ಟಿದ್ದೆ. ಬಿಳಿ ಅಂಗಿ, ಕಪ್ಪು ಲಂಗ ತೊಟ್ಟ ವೆನಿಂಗ್ ಹೆಣದ ಹಾಗೆ ನಿಂತಿದ್ದಳು. ಸಭಾಂಗಣದ ತುಂಬಾ ಹುಡುಗ ಹುಡುಗಿಯರು, ಅವರ ಮನೆಯವರು. ಪರದೆಯ ಮುಂದೆ ಒಂದೇ ಸಾಲಿನಲ್ಲಿ ಪರೀಕ್ಷಕರು. ಭಾವ ಪಟ್ಟೆ ಅಂಗಿಯಲ್ಲೇ ಬಂದು ನನ್ನ ಪಕ್ಕ ಕೂತರು.

ದೀಪ ಆರಿತು. ಮುದಿ ಬಾತು ಬಂದಿದ್ದೇ ತಡ ಸಭೆಯೆಲ್ಲ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ನನ್ನ ಭಾವ! ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನನ್ನ ಕಡೆ ಬಾಗಿ, "ಪಾಪ, ಅದರ ಕಾಲಿಗೇನಾಯ್ತು? ಕತ್ತು ನೋಡು, ಎಂಥಾ ಜಂಬ!" ಎಂದರು. ಸ್ವಲ್ಪ ಹೊತ್ತಿಗೆ ಅವರ ನಗು ತಗ್ಗಿತು. ಕಾವಲುಗಾರ ಮರದ ಕೆಳಗೆ ಕೂತೇ ಇದ್ದ. "ಅವನು ಯಾವಾಗ ನಡೀತಾನೆ?" ಎಂದು ಕೇಳಿದರು. ಚಿತ್ರ ಮುಗಿಯಿತು. ಅವನು ಏಳಲೇ ಇಲ್ಲ.

ಹೊರಗಿನಿಂದ ಬಂದಿದ್ದ ಹಿರಿಯ ಪರೀಕ್ಷಕರೊಬ್ಬರು ಬಾತಿನ ನಡಿಗೆಯನ್ನು ಮತ್ತೆ ಹಾಕಿಸಿದರು. ಅದು ಪರದೆಯ ಮೇಲೆ ನಿಲ್ಲದೆ ನಡೆಯುತ್ತಲೇ ಇತ್ತು. "ಅದ್ಭುತವಾಗಿದೆ. ಯಾರ ನಡಿಗೆಯಮ್ಮಾ ಇದು?" ಎಂದರು.

ವೆನಿಂಗ್ ಒಮ್ಮೆ ಅಪ್ಪನ ಕಡೆ ನೋಡಿ ತಲೆ ತಗ್ಗಿಸಿದಳು.

"ಯಾರನ್ನ ನೋಡಿ ಬರೆದೆ ಅಂತ ಹೇಳ್ಬೇಕಾಗುತ್ತೆ. ಯಾರದನ್ನೋ ಕದ್ದಿಲ್ಲ ತಾನೇ?"

ಆಗಲೂ ಅವಳು ನೆಲ ನೋಡುತ್ತಾ ನಿಂತಳು. ಮಗಳು ಪರೀಕ್ಷೆಯಲ್ಲಿ ಹೆದರಿ ಮೂಕಿಯಾಗಿದ್ದಾಳೆ, ಅವಳನ್ನು ಕಳ್ಳಿ ಎನ್ನುತ್ತಿದ್ದಾರೆ, ತಂದೆಗೆ ಕಂಡದ್ದು ಅಷ್ಟೇ. ನಾನು ಅಂಗಿ ಹಿಡಿದು ಎಳೆಯುವಷ್ಟರಲ್ಲಿ ಭಾವ ಎದ್ದುಬಿಟ್ಟಿದ್ದರು. "ಸ್ವಾಮಿ, ಕದ್ದಿಲ್ಲ. ಅವಳು ನನ್ನನ್ನ ನಡೆಸಿ ಫೋನಲ್ಲಿ ಹಿಡಿದಿದ್ಲು. ನಾನು ಡ್ರಿಲ್ ಮೇಷ್ಟ್ರು. ಹೇಳ್ತೀನಿ."

ಹಿರಿಯರ ಮುಂದೆ ನಾವು ಬೆನ್ನು ಬಗ್ಗಿಸಿ, ಬಲಗೈ ಕೆಳಗೆ ಚಾಚಿ, ಅಪ್ಪಣೆ ಕೇಳುತ್ತಾ ಹಾದುಹೋಗಬೇಕು. ಪರೀಕ್ಷಕರ ಸಾಲಿನ ಮುಂದೆ ಭಾವ ಹಾಗೆಯೇ ಬಾಗಿ ಹೋದರು. ಎಡಗಾಲು ಅರ್ಧಚಂದ್ರ ಬರೆಯಿತು, ಭುಜ ಏರಿತು. ಅವರ ಹಿಂದೆ ಪರದೆಯಲ್ಲಿ ಬಾತು ಅದೇ ಹೆಜ್ಜೆ ಹಾಕುತ್ತಿತ್ತು. ಯಾರೋ ಒಬ್ಬ ಹುಡುಗಿ ಕಿಸಕ್ಕೆಂದು ಕೂಡಲೇ ಬಾಯಿ ಮುಚ್ಚಿಕೊಂಡಳು.

ಎಲ್ಲರೂ ಏನು ನೋಡುತ್ತಿದ್ದಾರೆಂದು ಭಾವ ತಿರುಗಿದರು. ಬಾತನ್ನು ನೋಡಿದರು. ತಮ್ಮ ಕಾಲನ್ನು ನೋಡಿದರು. ಮತ್ತೆ ಬಾತನ್ನು ನೋಡಿದರು. ಆಮೇಲೆ ಪರೀಕ್ಷಕರಿಗೆ ಕೈ ಜೋಡಿಸಿ, "ಹೌದು ಸ್ವಾಮಿ, ನನ್ನದೇ," ಎಂದರು. ಅವರ ಧ್ವನಿ ಕೇಳಿ ನನಗೆ ಅಲ್ಲೇ ಸತ್ತುಹೋಗೋಣ ಎನ್ನಿಸಿತು.

ವೆನಿಂಗ್ ಪಾಸಾದಳು. ಗೆಳತಿಯರು ಹೂ ಕೊಟ್ಟರು, ಅವಳು ನಗಲಿಲ್ಲ. ಬಾಡಿಗೆ ಕಾರಿನಲ್ಲಿ ಭಾವ ಮುಂದಿನ ಸೀಟಿನಲ್ಲಿ ಕೂತರು. ಆಮೇಲೆ ತಿರುಗದೆಯೇ ಕೇಳಿದರು.

"ನಾನು ನೆಟ್ಟಗೆ ನಡೆದಿದ್ದೆ. ಜನ ನಗ್ಲಿ ಅಂತ ನೀನು ಕುಂಟಿಸಿದ್ದಾ?"

ಹೌದು ಎಂದರೆ ಮುಗಿಯುತ್ತಿತ್ತು. ಮಗಳ ಮೇಲೆ ನಾಲ್ಕು ದಿನ ಸಿಟ್ಟು ಮಾಡಿಕೊಂಡು, ತಮ್ಮ ಕಾಲಿನ ನಂಬಿಕೆ ಉಳಿಸಿಕೊಳ್ಳುತ್ತಿದ್ದರು. ಹೌದು ಅನ್ನು ಎಂದು ನಾನು ಅವಳ ತೊಡೆ ಚಿವುಟಿದೆ. ಅವಳು ನನ್ನ ಮುಖ ನೋಡಿ, ಫೋನ್ ತೆರೆದು ಅಪ್ಪನ ಕೈಗೆ ಕೊಟ್ಟಳು. "ನಾನೇನೂ ಸೇರಿಸಿಲ್ಲ, ಬಾಪಾಕ್. ಮೊದಲೇ ಹೇಳ್ಬೇಕಿತ್ತು. ಕ್ಷಮಿಸಿ."

ಮೆರವಣಿಗೆಯ ವೇಷದ ಮನುಷ್ಯ ಗೇಟಿನಿಂದ ಬಾವಿಯವರೆಗೆ ಕಾಲೆಳೆಯುತ್ತಾ ಹೋದ. ಅದರ ಮೇಲೆ ನನ್ನದೇ ಧ್ವನಿ. ಆಹಾ ಮಾಸ್, ಮೊದಲಿನ ಹಾಗೇ! ಚಪ್ಪಾಳೆ. ಅವರು ಮತ್ತೊಂದು ಸಲ ಹಾಕಿ ನೋಡಿದರು. ಫೋನ್ ಹಿಂದಕ್ಕೆ ಕೊಟ್ಟು, "ನನಗಿಂತ ನಿನ್ನ ಬಾತೇ ಚೆನ್ನಾಗಿ ನಡೀತದೆ," ಎಂದರು. ವೆನಿಂಗ್ ಮುಖ ಮುಚ್ಚಿಕೊಂಡಳು.

ಮನೆ ಬಂತು. ಕಾರಿನಿಂದಿಳಿದು ಗೇಟಿನ ಕಂಬ ಹಿಡಿದು ನಿಂತರು. ಅಲ್ಲಿಂದ ಒಂದೆರಡು ಹೆಜ್ಜೆ ಇಟ್ಟು ನಿಂತರು.

"ಹೇಗಿದೆ, ದಿಕ್?" ಎಂದರು. ಅವರು ನನ್ನನ್ನು ತಂಗಿ ಎಂದು ಕರೆಯುವುದು ಹಾಗೆ.

ಬೇಲಿಯಾಚೆ ಪಕ್ಕದ ಮನೆಯಾಕೆ ಚಪ್ಪಾಳೆಗೆ ಆಗಲೇ ಕೈ ಎತ್ತಿದ್ದಳು. ಸಂತೆಯಲ್ಲಿ ಪಳಗಿದ ನನ್ನ ನಾಲಿಗೆ ತಡವರಿಸಿತು.

"ಕಾಲು ಎಳೀತಿದೆ, ಮಾಸ್. ತುಂಬಾ ಎಳೀತಿದೆ."

ಅವರು ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು.

"ಹಾಗಿದ್ರೆ ಕೈ ಆಸರೆ ಕೊಡಬಾರದಾ?" ಎಂದರು. "ಇಷ್ಟು ದಿನ ಒಬ್ರೂ ಆಸರೆ ಕೊಡ್ಲಿಲ್ವಲ್ಲೇ!"