ಮೂವತ್ತೊಂದನೇ ಟೇಪು

“ಇಲ್ಲೇನೋ ತಾಳೆಯಾಗ್ತಿಲ್ಲ,” ಎನ್ನುತ್ತ ಪ್ರೊಫೆಸರ್ ಮೇಡಂ ಪೆನ್ಸಿಲಿನ ತುದಿಯನ್ನು ನಾಲ್ಕನೆಯ ಹಾಳೆಯ ನಡುವಿನ ಸಾಲಿನ ಮೇಲಿಟ್ಟರು. ಗಿರಗಿಟ್ಲೆ ತಾನೇ ಟೈಪು ಮಾಡಿದ ಆ ಸಾಲಿನತ್ತ ಬಗ್ಗಿದಳು. ಇಪ್ಪತ್ತು ಹಾಳೆಗಳಲ್ಲಿ ಮೇಡಂಗೆ ಬೆಟ್ಟು ಮಾಡಲು ಬೇರೆ ಸಾಲೇ ಸಿಗಲಿಲ್ಲವೇ!

ಗಿರಗಿಟ್ಲೆ ಎಂಬುದು ಚಿಕ್ಕಮ್ಮ ಇಟ್ಟ ಅಡ್ಡಹೆಸರು. ಒಂದು ಕಡೆ ಕೂತರೆ ತಾನೇ! ಎಂ.ಎ. ಓದುತ್ತಿದ್ದವಳು ವಿದ್ಯಾರ್ಥಿ ವಿನಿಮಯದ ಹೆಸರಿನಲ್ಲಿ ಆರು ತಿಂಗಳ ಮಟ್ಟಿಗೆ ಈ ದೂರದ ವಿಶ್ವವಿದ್ಯಾಲಯಕ್ಕೆ ಬಂದಿದ್ದಳು. ವಲಸೆ ಅಧ್ಯಯನಕ್ಕೆ ಸಂಬಂಧಪಟ್ಟ ಕೋರ್ಸುಗಳೆಂದು ಇಲ್ಲಿನವರು ಕೊಟ್ಟ ಪಟ್ಟಿಯಲ್ಲಿ ಹದಿನಾಲ್ಕಿದ್ದವು. ಮೂರನ್ನು ಆರಿಸಿ, ಯಾಕೆ ಎಂದು ಒಂದೊಂದು ವಾಕ್ಯ ಬರೆಯಬೇಕಿತ್ತು. ಜನಗಣತಿಯ ಕೋರ್ಸಿಗೂ ಕಾರ್ಮಿಕ ಕಾನೂನಿಗೂ ಏನೋ ಒಂದು ಗೀಚಿದಳು. ‘ವಲಸಿಗರ ಬಾಯಿಮಾತಿನ ದಾಖಲೆ’ ಎಂಬ ಮೂರನೆಯದರ ಮುಂದೆ ‘ಆಸಕ್ತಿ ಇದೆ’ ಎಂದಷ್ಟೇ ಬರೆದಳು. ನಿಜ ಬರೆಯಲು ಹೊರಟಿದ್ದರೆ ಅರ್ಜಿಯಲ್ಲಿ ಜಾಗ ಸಾಲುತ್ತಿರಲಿಲ್ಲ.

ನಿಜವೇನೆಂದರೆ, ಅವಳ ಅಮ್ಮ ಇದೇ ಊರಲ್ಲಿ ಒಂಬತ್ತು ವರ್ಷ ದುಡಿದಿದ್ದಳು. ಹಾಸಿಗೆ ಹಿಡಿದ ಮುದುಕರನ್ನು ಅವರ ಮನೆಯಲ್ಲೇ ಇದ್ದು ನೋಡಿಕೊಳ್ಳುವ ಕೆಲಸ. ಹೊರಟಾಗ ಮಗಳಿಗೆ ಆರು ವರ್ಷ. “ಎರಡೇ ವರ್ಷ ಕಣೇ, ಬಂದ್ಬಿಡ್ತೀನಿ,” ಎಂದು ಬಾಗಿಲಲ್ಲಿ ಕೂತು ಒಂದೊಂದೇ ಬೆರಳಿನ ನೆಟಿಗೆ ಮುರಿದಿದ್ದಳು. ಸುಳ್ಳು ಹೇಳಿದಾಗಲೆಲ್ಲ ಅಮ್ಮನ ಕೈ ತಾನಾಗಿ ಆ ಕೆಲಸಕ್ಕೆ ಹಚ್ಚಿಕೊಳ್ಳುತ್ತಿತ್ತು. ನಿಮ್ಮಮ್ಮನ ಬಾಯಿ ನಂಬಬೇಡ, ಬೆರಳು ನಂಬು ಎಂದು ಚಿಕ್ಕಮ್ಮ ಯಾವಾಗಲೂ ನಗುತ್ತಿದ್ದಳು. ಅವತ್ತು ಮಾತ್ರ ಚಿಕ್ಕಮ್ಮ ನಗಲಿಲ್ಲ.

ಒಂಬತ್ತನೆಯ ವರ್ಷ ಅಮ್ಮ ಜ್ವರದಲ್ಲಿ ಇಲ್ಲೇ ಕಣ್ಣು ಮುಚ್ಚಿದಳು. ಮನೆಗೆ ಬಂದದ್ದು ಒಂದು ಸೂಟ್‌ಕೇಸು. ಅದರ ತುಂಬ ಫ್ರಾಕುಗಳು, ಎಲ್ಲವೂ ಆರು ವರ್ಷದವಳ ಅಳತೆಯವು. ಹದಿನೈದರ ಹುಡುಗಿ ಒಂದನ್ನು ಮೈಗೆ ಹಿಡಿದು ನೋಡಿ, ನಾನು ಬೆಳೆದದ್ದೂ ಅವಳಿಗೆ ಗೊತ್ತಿಲ್ಲ ಎಂದು ಮುಚ್ಚಳ ಬಡಿದು, ಎರಡು ದಿನ ಊಟ ಬಿಟ್ಟಳು.

ಕೋರ್ಸಿನ ಮೊದಲ ದಿನವೇ ಮೇಡಂ ಮೂರು ನಿಯಮ ಹೇಳಿ ಎಲ್ಲರಿಂದ ಸಹಿ ಹಾಕಿಸಿಕೊಂಡಿದ್ದರು. ಟೇಪಿನಲ್ಲಿ ಕೇಳಿಸಿದ್ದನ್ನು ಕೇಳಿಸಿದಂತೆಯೇ ಬರೆಯಬೇಕು, ಕೆಮ್ಮು, ನಗು, ಮೌನ ಸಮೇತ. ಮಾತಾಡಿದವರಿಗೆ ಹೆಸರಿಲ್ಲ, ನಂಬರು ಮಾತ್ರ. ಮಾತಾಡಿದವರು ನಿಮ್ಮ ಗುರುತಿನವರೋ ನೆಂಟರೋ ಎಂದು ತಿಳಿದರೆ ಟೇಪನ್ನು ಆ ಕ್ಷಣವೇ ಹಿಂದಿರುಗಿಸಬೇಕು, ಮತ್ತೆ ಅದನ್ನು ಮುಟ್ಟುವಂತಿಲ್ಲ. ಇಷ್ಟು ಹೇಳಿ, ಈ ಭಾಷೆ ಬಲ್ಲವರು ಸಿಗದೆ ಹನ್ನೆರಡು ವರ್ಷದಿಂದ ಕಪಾಟಿನಲ್ಲೇ ಕೊಳೆಯುತ್ತಿದೆ ಎಂದು ಮೂವತ್ತೊಂದನೇ ಟೇಪನ್ನು ಗಿರಗಿಟ್ಲೆಯ ಕೈಗಿಟ್ಟರು.

ಹುಡುಕುವ ಬಳ್ಳಿ ಕಾಲಿಗೆ ತೊಡರಿತು ಅನ್ನುತ್ತಾರಲ್ಲ, ಹಾಗಾಯಿತು. “ಅದೊಂದು ದೊಡ್ಡ ಕಥೆ ಬಿಡಿ,” ಎಂದು ಟೇಪಿನ ಹೆಂಗಸು ಬಾಯಿಬಿಟ್ಟದ್ದೇ ತಡ, ಗಿರಗಿಟ್ಲೆ ಕೂತಲ್ಲೇ ಕಲ್ಲಾದಳು. ಎಂಟು ವರ್ಷದ ಹಿಂದೆ ಸತ್ತವಳು ಕಿವಿಯೊಳಗೆ ಕೂತು ಮಾತಾಡುತ್ತಿದ್ದಳು. ಹಿಂದಿರುಗಿಸುವುದೇ? ಪ್ರಾಣ ಹೋದರೂ ಇಲ್ಲ. ಒಂದು ವಾರ ಊಟ ನಿದ್ದೆಯ ಪರಿವೆಯಿಲ್ಲದೆ ಕೇಳಿದಳು, ಬರೆದಳು. ಭಾರದ ಮುದುಕಿಯನ್ನು ಸೊಂಟಕ್ಕೆ ನೋವಾಗದಂತೆ ಮಗ್ಗುಲು ಬದಲಿಸುವ ಬಗೆ, ಕಿಟಕಿಯಿಲ್ಲದ ಕೋಣೆ, ಹಿಂದೆ ಮುಂದೆ ಇಲ್ಲದವರೇ ಬೇಕು ಎಂದು ಆ ಮನೆಯವರು ಮೊದಲೇ ಷರತ್ತು ಹಾಕಿದ್ದು. ಅಮ್ಮ ಹೇಳುತ್ತ ಹೋದಳು, ಮಗಳು ಟೈಪು ಮಾಡುತ್ತ ಹೋದಳು. ಆಮೇಲೆ, ವಿಶ್ವವಿದ್ಯಾಲಯದ ಪರವಾಗಿ ಅಮ್ಮನ ಭಾಷೆಯಲ್ಲೇ ಪ್ರಶ್ನೆ ಹಾಕುತ್ತಿದ್ದ ದುಭಾಷಿ ಕೇಳಿದ, ಮಕ್ಕಳು?

“ಇಲ್ಲ,” ಎಂದಳು ಅಮ್ಮ.

ಗಿರಗಿಟ್ಲೆ ಟೇಪು ನಿಲ್ಲಿಸಿಬಿಟ್ಟಳು. ಫ್ರಾಕಿನ ದಿನ ಆಗಿದ್ದಕ್ಕಿಂತ ಹತ್ತು ಪಟ್ಟು ಸಂಕಟವಾಯಿತು. ಹೆತ್ತವರಿಗೆ ಹೆಗ್ಗಣವೂ ಮುದ್ದಂತೆ, ನಾನು ಹೆಗ್ಗಣಕ್ಕಿಂತ ಕಡೆಯಾದೆನೇ ಎಂದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಮೂಗು ಒರೆಸಿಕೊಂಡು ಬಂದು, ಆ ಜಾಗದಲ್ಲಿ ‘ಒಬ್ಬಳು ಮಗಳಿದ್ದಾಳೆ, ತುಂಬಾ ಚೂಟಿ’ ಎಂದು ಟೈಪು ಮಾಡಿದಳು. ಮತ್ತೆ ಅದನ್ನು ಕೇಳುವ ಧೈರ್ಯವಿಲ್ಲದೆ ಮುಂದಿನ ಪ್ರಶ್ನೆಯವರೆಗೆ ಟೇಪನ್ನು ಓಡಿಸಿದಳು. ಮೇಡಂಗೆ ಭಾಷೆ ಬರುವುದಿಲ್ಲವಲ್ಲ, ಹಿಡಿಯುವವರು ಯಾರು?

ಮೇಡಂ ಹಿಡಿದರು. ಪಕ್ಕದ ಕೋಣೆಯಲ್ಲಿ ಪೆನ್ನು ಬಿದ್ದರೆ ಯಾರ ಪೆನ್ನು ಎಂದು ಹೇಳುವ ಕಿವಿ ಅವರದು ಎಂದು ತರಗತಿಯವರೆಲ್ಲ ತಮಾಷೆ ಮಾಡುತ್ತಿದ್ದರು. ಮೂವತ್ತು ವರ್ಷ ಕಂಡವರ ಮಾತು ಕೇಳಿಸಿಕೊಂಡೇ ಬದುಕಿದ ಹೆಂಗಸು.

“ನಿನ್ನ ಭಾಷೆ ನನಗೆ ಬರಲ್ಲ,” ಎಂದರು, ಬೈಗುಳದ ದನಿಯಲ್ಲೇನೂ ಅಲ್ಲ. “ಆದ್ರೆ ಅವರು ಹೇಳಿರೋದು ಒಂದೇ ಮಾತು, ನೀನು ಬರೆದಿರೋದು ಒಂದು ಇಡೀ ಸಾಲು.” ಟೇಪನ್ನು ಹಿಂದಕ್ಕೆ ಓಡಿಸಿ ಜೋರಾಗಿ ಹಾಕಿದರು.

ಮಕ್ಕಳು? ಇಲ್ಲ.

ಈ ಸಲ ನಿಲ್ಲಿಸುವ ಗುಂಡಿ ಗಿರಗಿಟ್ಲೆಯ ಕೈಯಲ್ಲಿರಲಿಲ್ಲ. ಟೇಪು ಓಡುತ್ತಲೇ ಇತ್ತು. ಟೇಪಿನ ಮೌನದಲ್ಲಿ ಟಕ್ ಎಂದಿತು. ಸ್ವಲ್ಪ ಬಿಟ್ಟು ಇನ್ನೊಂದು ಟಕ್. ನಿಧಾನವಾಗಿ, ಒಂದು ಕೈ ಮುಗಿಸಿ ಇನ್ನೊಂದು ಕೈ ಹಿಡಿದಂತೆ. ಕೊನೆಗೆ ಅಮ್ಮ ಸಣ್ಣ ದನಿಯಲ್ಲಿ ದುಭಾಷಿಯನ್ನು ಕೇಳಿದಳು: “ಇದು ಕೆಲಸದ ಮನೆಯವರ ಕಿವಿಗೆ ಬೀಳಲ್ಲ ತಾನೆ?”

ಎಂಟು ವರ್ಷ ಗಿರಗಿಟ್ಲೆ ಸತ್ತವಳ ಮೇಲೆ ಮುನಿಸಿಕೊಂಡಿದ್ದಳು. ಈಗ ತಪ್ಪಾಯಿತು ಅನ್ನೋಣವೆಂದರೆ ಯಾರಿಗೆ ಅನ್ನುವುದು?

ಆ ಟಕ್ ಟಕ್ ಏನೆಂದು ಮೇಡಂ ಕೇಳಿದರು. ನೆಟಿಗೆ ಎಂದಳು. ನಿಮ್ಮ ಕಡೆ ಅದಕ್ಕೇನಾದರೂ ಅರ್ಥವಿದೆಯೇ ಎಂದರು.

“ಎಲ್ಲರದ್ದಕ್ಕೂ ಇಲ್ಲ,” ಎಂದುಬಿಟ್ಟಳು.

ಮೇಡಂ ಪೆನ್ಸಿಲು ಕೆಳಗಿಟ್ಟರು. “ಈಕೆ ನಿನಗೆ ಗೊತ್ತಾ?”

ಹೌದು ಎಂದರೆ ಟೇಪು ಕಪಾಟು ಸೇರಿ ಬೀಗ ಬೀಳುತ್ತದೆ. ಅಮ್ಮ ಇನ್ನೊಂದು ಸಲ ಹೊರಟುಹೋಗುತ್ತಾಳೆ, ಈ ಸಲ ಮಗಳೇ ಕೈಯಾರೆ ಕಳಿಸಿದಂತೆ.

“ಇಲ್ಲ,” ಎಂದಳು ಗಿರಗಿಟ್ಲೆ.

ಮೇಜಿನ ಕೆಳಗೆ, ಅವಳ ಮಡಿಲಲ್ಲಿ, ಟಕ್ ಎಂದಿತು. ಸ್ವಲ್ಪ ಬಿಟ್ಟು ಇನ್ನೊಂದು.

ಮೇಡಂ ಅವಳ ಮುಖವನ್ನೇ ನೋಡುತ್ತ ಕೂತಿದ್ದರು. ಆಮೇಲೆ ತಪ್ಪು ಸಾಲಿನ ಮೇಲೆ ಪೆನ್ಸಿಲಿನಿಂದ ಹಗುರಾಗಿ ಗೆರೆ ಎಳೆದು, ಹೆಡ್‌ಫೋನನ್ನು ಅವಳ ಕಡೆ ಸರಿಸಿ ಎದ್ದರು. “ಹಾಗಾದ್ರೆ ಕೂತು ಸರಿಯಾಗಿ ಬರಿ. ಅವಸರ ಇಲ್ಲ. ಸಂಜೆವರೆಗೂ ನಾನು ಈ ಕಡೆ ಬರಲ್ಲ,” ಎಂದು ಬಾಗಿಲು ಮುಂದೆ ಮಾಡಿಕೊಂಡು ಹೋದರು.

ಗಿರಗಿಟ್ಲೆ ‘ಇಲ್ಲ’ ಎಂದು ಟೈಪು ಮಾಡಿದಳು. ಅದರ ಮುಂದೆ ನೆಟಿಗೆ ಎಷ್ಟು ಎಂದು ಬರೆಯಬೇಕಿತ್ತು. ಹೆಡ್‌ಫೋನು ಹಾಕಿಕೊಂಡು ಎಣಿಸತೊಡಗಿದಳು. ನಾಲ್ಕಕ್ಕೋ ಐದಕ್ಕೋ ಲೆಕ್ಕ ತಪ್ಪಿತು. ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಮೊದಲಿಂದ ಎಣಿಸಿದಳು.