ಬೇಲಿಯಾಚೆಗೆ ಎಸೆದ ಬಳ್ಳಿ

ರಾತ್ರಿ ಹನ್ನೊಂದರ ಹೊತ್ತಿಗೆ ಹಿತ್ತಲಲ್ಲಿ ಎಲೆರಾಶಿ ಸರಕ್ಕನೆ ಜಾರಿದ ಸದ್ದಾಯಿತು. ಹಾಸಿಗೆಯಲ್ಲಿದ್ದ ನೈರಿ ಎದ್ದು ಕುಳಿತಳು. ಗಂಡ ಕೋಲಿನ್ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ.

"ಬೇಲಿ ಆಚೆ ಏನು ಎಸೆದೆ?"

"ತೋಟದ ಕಸ ಕಣೆ. ಕಾಡಲ್ಲಿ ಬಿದ್ದು ಗೊಬ್ಬರ ಆಗುತ್ತೆ. ಹಗಲಲ್ಲಿ ಎಸೆದ್ರೆ ನಿಮ್ಮ ಗುಂಪಿನವರು ಬೈತಾರೆ. ಮಲಕ್ಕೋ."

ನೈರಿಗೆ ನಿದ್ದೆ ಹತ್ತಲಿಲ್ಲ. ಬೇಲಿಯಾಚೆ ಇರುವುದು ಆಕ್ಲೆಂಡಿನ ಅವರ ಬಡಾವಣೆಯ ಕಾಡಿನಂಥ ಉದ್ಯಾನ. ಶನಿವಾರ ಶನಿವಾರ ಅವಳು ನೆರೆಯವರೊಡನೆ ಅಲ್ಲಿ ಅಲೆಮಾರಿ ಬಳ್ಳಿ ಕೀಳುತ್ತಿದ್ದಳು. ಅಲಂಕಾರಕ್ಕೆಂದು ಹೊರನಾಡಿನಿಂದ ತಂದ ಆ ಬಳ್ಳಿ ನೆಲವನ್ನೆಲ್ಲ ಮುಚ್ಚಿ, ಆ ನಾಡಿನದೇ ಆದ ನಿಕಾವ್ ತಾಳೆಯ ಸಸಿಗಳಿಗೆ ಬೆಳಕೇ ಬಿಟ್ಟಿರಲಿಲ್ಲ. ಮೂರು ವರ್ಷ ಕಿತ್ತ ಮೇಲೆ ಬೇಲಿಯ ಕೆಳಗಿನ ತೊರೆದಂಡೆಯಲ್ಲಿ ಹನ್ನೊಂದು ಸಸಿಗಳು ತಲೆಯೆತ್ತಿದ್ದವು.

ಆ ಶನಿವಾರ ಗುಂಪಿನ ಮುಖ್ಯಸ್ಥೆ ಹಿನೆಮೋವಾ ತೊರೆದಂಡೆಯಿಂದಲೇ ಕೂಗಿದಳು. "ಬನ್ನಿ ಇಲ್ಲಿ! ಯಾವನೋ ಪುಣ್ಯಾತ್ಮ ಮತ್ತೆ ಅದೇ ಬಳ್ಳಿ ಸುರಿದಿದ್ದಾನೆ. ಹಳೇ ತುಂಡುಗಳು ಆಗಲೇ ಬೇರು ಬಿಟ್ಟಿವೆ. ಕೈಗೆ ಸಿಗಲಿ, ಅವನ ತಲೆ ಮೇಲೇ ಸುರೀತೀನಿ!"

ಎಲ್ಲರೂ ನಕ್ಕರು. ಹಿನೆಮೋವಾಳ ಕಣ್ಣು ಸಾಲಾಗಿದ್ದ ಒಂಬತ್ತು ಹಿತ್ತಲುಗಳ ಮೇಲೆ ಹರಿಯಿತು. ನೈರಿ ತಲೆ ತಗ್ಗಿಸಿ ಸಸಿ ಎಣಿಸಿದಳು. ನಾಲ್ಕು ಸಸಿಗಳು ಆ ರಾಶಿಯಡಿ ಮುರಿದು ಬಿದ್ದಿದ್ದವು.

ಮನೆಯಲ್ಲಿ ನೈರಿ ಇದನ್ನೆಲ್ಲ ಹೇಳಿದರೂ ಕೋಲಿನ್ ನಂಬಲಿಲ್ಲ. "ಒಣಗಿಹೋಗೋ ಬಳ್ಳಿಗೆ ಇಷ್ಟು ರಂಪಾನಾ?"

ನೈರಿ ಶೆಡ್ಡಿನಲ್ಲಿ ನೇತುಹಾಕಿದ್ದ ತನ್ನ ಹಳೆಯ ಕೈಗವಸು ಕೊಡವಿದಳು. ಬೆರಳುದ್ದದ ತುಂಡು ಬಿತ್ತು. "ಹೋದ ತಿಂಗಳು ಸಿಕ್ಕಿಕೊಂಡದ್ದು. ಮಣ್ಣಿಲ್ಲ, ನೀರು ಹಾಕಿಲ್ಲ. ಬೇರು ನೋಡು."

ಕೋಲಿನ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಇನ್ನೂ ಜೀವ ಇದೆಯಲ್ಲೇ! ನಾನು ಎಷ್ಟು ಸಲ ಎಸೆದಿದ್ದೀನಿ..."

ಮುಂದಿನ ಶನಿವಾರ ಅವನೂ ಮಂಡಿಯೂರಿದ. ಚಾಪೆ ಸುತ್ತಿದಂತೆ ಬಳ್ಳಿಯನ್ನು ಬೇರುಸಮೇತ ಸುತ್ತಿದ. ಉದುರಿದ ಚೂರುಗಳನ್ನೂ ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿದ.

"ಇಷ್ಟು ದಿನ ಎಲ್ಲಿದ್ದೆ ಮಾರಾಯ?" ಎಂದಳು ಹಿನೆಮೋವಾ. ಕೋಲಿನ್‌ನ ಕಿವಿ ಕೆಂಪಾಯಿತು. ನೈರಿ ಬಗ್ಗಿ ಇನ್ನೊಂದು ಬಳ್ಳಿ ಕಿತ್ತಳು.

ನಿಮ್ಮ ಹಿತ್ತಲಿನ ಬಳ್ಳಿಯನ್ನೂ ಬೇಲಿ ದಾಟಿಸಬೇಡಿ. ಒಂದು ಚೂರು ಸಾಕು, ಮತ್ತೆ ಕಾಡನ್ನೇ ಮುಚ್ಚೀತು. ತಿಳಿಯದೆ ಎಸೆದಿದ್ದರೆ ನಾಚಬೇಡಿ, ಬಂದು ಕೀಳಿ. ಎಸೆದವರು ಯಾರೆಂದು ಇಲ್ಲಿ ಯಾರೂ ಕೆದಕುವುದಿಲ್ಲ. ನೈರಿಯಂತೂ ಯಾರಿಗೂ ಹೇಳುವುದಿಲ್ಲವೆಂದು ಅವತ್ತೇ ತೀರ್ಮಾನಿಸಿದಳು.