ಕಂಡಕ್ಟರ್ ಸಾಹೇಬರ ಪಕ್ಕದ ಸೀಟು

ಪರದೇಶಕ್ಕೆ ಬಂದ ಮೂರನೇ ದಿನ ಪ್ರವಾಸದ ಗುಂಪಿಗೆ ಬಿಡುವು ಸಿಕ್ಕಿತು. ಉಳಿದವರೆಲ್ಲ ಅಂಗಡಿ ಬೀದಿಗೆ ಮುಗಿಬಿದ್ದರೆ, ನಿವೃತ್ತ ಬಸ್ ಕಂಡಕ್ಟರ್ ಸಾಹೇಬರೂ ಅವರ ಹೆಂಡತಿಯೂ ಊರಿನ ಪಾರ್ಕುಗಳನ್ನು ಸುತ್ತಲು ಹೊರಟರು. ಅದೂ ನಡೆದುಕೊಂಡು. ಯಾಕೆ ಅಂತೀರಾ? ಆ ಊರಿನ ಬಸ್ಸುಗಳಲ್ಲಿ ಕಂಡಕ್ಟರೇ ಇರಲಿಲ್ಲ. "ನಮ್ಮಂಥವರ ಹೊಟ್ಟೆ ಮೇಲೆ ಹೊಡೆದ ಬಸ್ಸು ಅದು, ನಾನಂತೂ ಕಾಲಿಡಲ್ಲ" ಅಂತ ಸಾಹೇಬರು ಶಪಥ ಮಾಡಿದ್ದರು.

ಹೆಂಡತಿಗೆ ಒಳ್ಳೆಯದೇ ಆಯಿತು. ಗಂಡನ ಪಕ್ಕದಲ್ಲಿ ಒಂದಷ್ಟು ಹೊತ್ತು ನೆಮ್ಮದಿಯಾಗಿ ಕೂರಬೇಕು, ಇದೊಂದೇ ಆಕೆಯ ಆಸೆ. ನಗಬೇಡಿ. ತವರಿಗೆ, ಆಸ್ಪತ್ರೆಗೆ, ನಾದಿನಿ ಮದುವೆಗೆ, ಎಲ್ಲಿಗೆ ಹೋದರೂ ಗಂಡನ ಬಸ್ಸಿನಲ್ಲೇ ಹೋದವಳು. ಆಕೆ ಸೀಟಿನಲ್ಲಿ, ಅವರು ನಿಂತು. ಗಂಡನ ಮುಖಕ್ಕಿಂತ ಬೆನ್ನು ನೋಡಿದ್ದೇ ಹೆಚ್ಚು.

ಮೊದಲ ಪಾರ್ಕಿನಲ್ಲಿ ಕೊಳದ ಎದುರಿಗೇ ಬೆಂಚು ಸಿಕ್ಕಿತು. ಬಾತುಕೋಳಿಗಳು ಇನ್ನೂ ಇವರತ್ತ ತಿರುಗಿರಲಿಲ್ಲ, ಅಷ್ಟರಲ್ಲಿ ಕೋಲೂರಿಕೊಂಡು ಮುದುಕರೊಬ್ಬರು ಬಂದರು. ಸಾಹೇಬರು ಚಂಗನೆ ಎದ್ದು, "ಬನ್ನಿ ಬನ್ನಿ, ಸೀಟಿದೆ" ಅಂತ ಅಚ್ಚಕನ್ನಡದಲ್ಲಿ ಕರೆದು ಕೂರಿಸಿದರು. ಆಮೇಲೆ ದೀಪದ ಕಂಬಕ್ಕೆ ಬೆನ್ನು ಕೊಟ್ಟು, ಪಾರ್ಕು ಎಲ್ಲಿ ಬ್ರೇಕ್ ಹಾಕುತ್ತದೋ ಅನ್ನುವಂತೆ ಕಾಲಗಲಿಸಿ ನಿಂತರು. ಆಕೆ ಆ ಮುದುಕರ ಪಕ್ಕ ಕೂತು ಬಾತುಕೋಳಿ ನೋಡಿದಳು.

ಎರಡನೇ ಪಾರ್ಕಿನ ಗುಲಾಬಿ ಗಿಡಗಳ ನಡುವೆ ಕೂತಾಗ ಹುಡುಗ ಹುಡುಗಿ ಇಬ್ಬರು ಜಾಗ ಹುಡುಕುತ್ತಾ ಬಂದರು. ಸಾಹೇಬರು ಈ ಸಲ ಹೆಂಡತಿಯನ್ನೂ ಎಬ್ಬಿಸಿಬಿಟ್ಟರು.

"ಪಾಪ, ಹೊಸ ಜೋಡಿ ಕಣೇ."

"ಓಹೋ, ನಾವೇನು ಗುಜರಿ ಸಾಮಾನಾ?"

ಮೂರನೇ ಪಾರ್ಕು ದಿಬ್ಬದ ಮೇಲಿತ್ತು. ಅಲ್ಲಿನ ಬೆಂಚಿನಲ್ಲಿ ಕುಸಿದು ಚಪ್ಪಲಿ ಬಿಚ್ಚಿದ ಹೆಂಡತಿಗೆ ತಡೆಯಲಾಗಲಿಲ್ಲ. "ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ನಿಮ್ಮನ್ನ ನೋಡೇ ಹೇಳಿರಬೇಕು!"

"ಯಾರಾದ್ರೂ ನಿಂತಿದ್ರೆ ನಂಗೆ ಕೂರಕ್ಕಾಗಲ್ಲ ಕಣೇ. ಮೈಯೆಲ್ಲ ಮುಳ್ಳು ಚುಚ್ಚಿದ ಹಾಗಾಗುತ್ತೆ."

"ಊರಿಗೆಲ್ಲ ಸೀಟು ಕೊಟ್ರಿ. ನಿಮ್ಮ ಪಕ್ಕದ ಸೀಟು ನಂಗೆ ಯಾವತ್ರೀ ಕೊಡೋದು?" ತಮಾಷೆಗೆ ಅಂತಲೇ ಶುರು ಮಾಡಿದ್ದಳು, ಕೊನೆಗೆ ಬಿಚ್ಚಿದ ಚಪ್ಪಲಿಯನ್ನೇ ನೋಡುತ್ತಾ ತಲೆ ತಗ್ಗಿಸಿದಳು.

ಸಾಹೇಬರು ಬಂದು ಪಕ್ಕದಲ್ಲಿ ಕೂತರು.

ಅವರ ಗ್ರಹಚಾರ ನೋಡಿ, ಅಷ್ಟರಲ್ಲೇ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ಹೆಂಗಸೊಬ್ಬಳು ಏದುಸಿರು ಬಿಡುತ್ತಾ ದಿಬ್ಬ ಹತ್ತಿ ಬಂದಳು. ಬೇರೆ ಬೆಂಚೆಲ್ಲ ಭರ್ತಿ. ಸಾಹೇಬರ ಮಂಡಿ ತಾನಾಗಿ ಅಲುಗಿತು. ಆದರೆ ಅವರು ಏಳಲಿಲ್ಲ. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ತಪ್ಪು ಮಾಡಿದವರಂತೆ ಮುಖ ಆಚೆ ತಿರುಗಿಸಿದರು. ಹಣೆಯಲ್ಲಿ ಬೆವರು.

ನನಗೋಸ್ಕರ ಈ ಪಾಟಿ ಒದ್ದಾಡ್ತಿದ್ದಾರಲ್ಲ ಅಂತ ಹೆಂಡತಿಗೆ ಕರುಳು ಚುರುಕ್ ಅಂತು, ನಗುವೂ ಬಂತು. ತಾನೇ ಕೈಬೀಸಿ ಆ ಹೆಂಗಸನ್ನು ಕರೆದಳು. ಸಾಹೇಬರು ಏಳಲು ಹೊರಟರೆ ತೋಳು ಹಿಡಿದು ಎಳೆದಳು.

"ಕೂತ್ಕೊಳ್ರೀ. ಸ್ವಲ್ಪ ಒತ್ತರಿಸಿ, ಸಾಕು."

ಅವರು ಒತ್ತರಿಸಿದರು. ಹೆಂಡತಿಯೂ ಅವರ ಹಿಂದೆಯೇ ಸರಿದಳು. ಅವರು ಇನ್ನಷ್ಟು ಒತ್ತರಿಸಿ ಬೆಂಚಿನ ಕೊನೆ ಮುಟ್ಟಿದರು. ಆಕೆಯ ಭುಜ ಅವರ ಭುಜಕ್ಕೆ ತಾಗಿ ನಿಂತಿತು. ತಾಯಿ ಮಗು ಇಬ್ಬರೂ ಕೂತ ಮೇಲೂ ಮಧ್ಯೆ ಇನ್ನೊಬ್ಬರಿಗಾಗುವಷ್ಟು ಜಾಗ ಉಳಿದಿತ್ತು.

"ಆ ಕಡೆ ಅಷ್ಟು ಖಾಲಿ ಇದೆಯಲ್ಲೇ" ಅಂದರು ಸಾಹೇಬರು, ಮೆಲ್ಲಗೆ.

"ಇರ್ಲಿ ಬಿಡಿ" ಅಂದಳು ಆಕೆ. "ಮುಂದೆ ಯಾರಾದ್ರೂ ಹತ್ತಬಹುದು."